ಮೇಯರಮ್ಮ ಮಾಡಿದ ಸೂಪು

ಅಮೆರಿಕದಿಂದ ಬರುವ ಮೇಯರ್ ತನ್ನ ಮನೆಯಲ್ಲೇ ಇಳಿದುಕೊಳ್ಳಬೇಕೆಂದು ವಿಲ್ಫ್ ರೇನ್ ಪಟ್ಟು ಹಿಡಿದಿದ್ದ. ಇಂಗ್ಲೆಂಡಿನ ಈಶಾನ್ಯ ಮೂಲೆಯ ಸ್ಟೋಬ್‌ಲೀಗೂ ಓಹಾಯೋದ ಸ್ಟೋಬ್‌ಲೀಗೂ ಸೋದರಿ ನಗರಗಳೆಂಬ ನಂಟು ಬೆಸೆದು ಬಹಳ ಕಾಲವಾಗಿತ್ತು. ಆ ನಂಟಿನ ಸಮಿತಿಗೆ ವಿಲ್ಫನೇ ಅಧ್ಯಕ್ಷ. ಅತಿಥಿಯನ್ನು ಹೋಟೆಲಿಗೆ ಕಳಿಸಿದರೆ ಊರಿನ ಮಾನ ಏನಾಗಬೇಕು?

ಗುರುವಾರ ಸಂಜೆ ಮೇಯರ್ ಲೊರೆಟ್ಟಾ ಕಿಂಬ್ರೆಲ್ ಬಂದಿಳಿದಾಗ ಅವನು, "ಇದು ನಿಮ್ಮದೇ ಮನೆ. ಏನು ಬೇಕಾದ್ರೂ ತಗೊಳ್ಳಿ, ಕೇಳೋದೇ ಬೇಡ" ಎಂದ. ಈ ಮಾತಿನ ಅಳತೆ ಆ ಊರಿನಲ್ಲಿ ಎಲ್ಲರಿಗೂ ಗೊತ್ತು: ಬಿಸ್ಕತ್ತಿನ ಡಬ್ಬಿಯವರೆಗೆ. ಓಹಾಯೋದವರು ಮಾತನ್ನು ಮಾತೆಂದೇ ನಂಬುತ್ತಾರೆ.

ಆ ಶನಿವಾರ ಕ್ಲಬ್ಬಿನಲ್ಲಿ ಲೀಕ್ ಪ್ರದರ್ಶನವಿತ್ತು. ಈರುಳ್ಳಿಯ ದಾಯಾದಿಯಾದ ಈ ತರಕಾರಿಯ ಬಿಳಿ ದಂಟನ್ನು ಅಲ್ಲಿನವರು ಮುಂಗೈಗಿಂತ ದಪ್ಪ ಬೆಳೆಸುತ್ತಾರೆ. ಒಂದೇ ಸಮನಾದ ಮೂರನ್ನು ಜೋಡಿಸಿಟ್ಟರೆ ತೀರ್ಪುಗಾರರು ಸುತ್ತಳತೆ ತೆಗೆಯುತ್ತಾರೆ. ಪಕ್ಕದ ಮನೆಯ ಕತ್‌ಬರ್ಟ್ ಹೆಸ್ಲಪ್ ಸತತ ಎರಡು ವರ್ಷ ಗೆದ್ದಿದ್ದ. ಈ ಸಲವೂ ಗೆದ್ದರೆ ಬಹುಮಾನದ ಬೆಳ್ಳಿ ಕಪ್ ಅವನಿಗೇ ಶಾಶ್ವತ, ಅದೂ ವಿಲ್ಫನ ಬಾಗಿಲಿಗೆ ಕಾಣುವ ಕಿಟಕಿಯಲ್ಲಿ. ಆದರೆ ಈ ವರ್ಷ ವಿಲ್ಫನ ಮೂರೂ ದಂಟು ಹೆಚ್ಚು ದಪ್ಪವಿದ್ದವು. ಕತ್‌ಬರ್ಟ್ ಬೇಲಿಯಾಚೆಯಿಂದ ಮಾತಾಡಿಸುವುದನ್ನೇ ಬಿಟ್ಟಿದ್ದರಿಂದ ಅವನಿಗೂ ಅದು ಗೊತ್ತಾಗಿದೆ ಎಂಬುದು ಖಚಿತವಾಗಿತ್ತು.

ಶುಕ್ರವಾರ ಬೆಳಿಗ್ಗೆ ವಿಲ್ಫ್ ಕೆಳಗಿಳಿದು ಬಂದಾಗ ಅಡುಗೆಮನೆ ಘಮಘಮಿಸುತ್ತಿತ್ತು. ಹೆಂಡತಿ ಡೊರೀನ್ ಮುಖ ಬಿಳಿಚಿಕೊಂಡು ಕೂತಿದ್ದಳು.

"ನಿದ್ದೆ ಬರ್ಲಿಲ್ಲ. ಹಿತ್ತಲಲ್ಲಿದ್ದ ಲೀಕ್ ಕಿತ್ತು ಸೂಪ್ ಮಾಡ್ದೆ" ಎಂದರು ಲೊರೆಟ್ಟಾ. "ಒಂದಕ್ಕೇ ಪಾತ್ರೆ ತುಂಬ್ತು ನೋಡಿ."

ಡೊರೀನ್ ಮೇಜಿನಡಿ ಗಂಡನ ಕಾಲು ತುಳಿದಳು. ತುಳಿಯುವ ಅಗತ್ಯವೇನೂ ಇರಲಿಲ್ಲ. "ತುಂಬಾ ಚೆನ್ನಾಗಿದೆ" ಎಂದ ವಿಲ್ಫ್. ಲೊರೆಟ್ಟಾ ಇನ್ನೊಂದು ಬಟ್ಟಲು ಬಡಿಸಿದರು. ಅದನ್ನೂ ಕುಡಿದ. ತಮ್ಮೂರಿನ ಜಾತ್ರೆಗೆಂದು ತಾವು ಬೆಳೆಸುತ್ತಿರುವ ಕುಂಬಳಕಾಯಿಯ ಬಗ್ಗೆ ಅವರು ಹೇಳಿದ್ದಕ್ಕೆಲ್ಲ ತಲೆದೂಗಿದ.

ಉಳಿದ ಸೂಪನ್ನು ಲೊರೆಟ್ಟಾ ಪಕ್ಕದ ಮನೆಗೂ ಕೊಟ್ಟು ಬಂದರು. ಮಧ್ಯಾಹ್ನ ಕತ್‌ಬರ್ಟ್ ಬೇಲಿಯ ಬಳಿ ಬಂದು ನಿಂತ.

"ಅದು ಪ್ರದರ್ಶನದ ಲೀಕ್ ಅಂತ ಅವರಿಗೆ ಹೇಳ್ದೆಯೇನೋ?"

"ಮನೆಗೆ ಬಂದವರಿಗೆ ಏನಂತ ಹೇಳ್ಲಿ?"

"ಬೇರೆ ಯಾವುದಾದ್ರೂ ಸೇರಿಸಿಡು."

"ಆ ಎರಡು ಬಿಟ್ರೆ ಉಳಿದಿರೋವೆಲ್ಲ ಬೆರಳಷ್ಟಿವೆ. ಹೋಗಯ್ಯ, ಕಿಟಕಿ ಒರೆಸಿಟ್ಕೋ."

ಕತ್‌ಬರ್ಟ್ ಒಳಗೆ ಹೋದ.

ಶನಿವಾರ ವಿಲ್ಫ್ ಟೈ ಕಟ್ಟಿಕೊಂಡು, ಅಧ್ಯಕ್ಷನ ಗತ್ತಿನಲ್ಲಿ ಮೇಯರಮ್ಮನನ್ನು ಕ್ಲಬ್ಬಿಗೆ ಕರೆದೊಯ್ದ. ಉದ್ದನೆಯ ಮೇಜಿನ ಮೇಲೆ ಕತ್‌ಬರ್ಟನ ಜಾಗ ಖಾಲಿಯಿತ್ತು. ಗೆದ್ದ ಕಪ್, ಚರ್ಚಿನಲ್ಲಿ ಆರ್ಗನ್ ನುಡಿಸುವ ಮಿಸ್ ಸ್ನೇತ್ ಪಾಲಾಯಿತು. ಲೊರೆಟ್ಟಾ ಅದನ್ನು ಕೈಗಿಡುವಾಗಲೂ ಆಕೆ ನಂಬದೆ ತೀರ್ಪುಗಾರರ ಮುಖ ನೋಡುತ್ತಿದ್ದಳು.

ಕತ್‌ಬರ್ಟ್ ಬಿಯರ್ ಹಿಡಿದು ಮೂಲೆಯಲ್ಲಿ ಕೂತಿದ್ದ.

"ನಿನ್ನವೆಲ್ಲಿ?" ಎಂದು ಕೇಳಿದ ವಿಲ್ಫ್.

"ಎರಡೇ ಉಳಿದ್ವು. ಆಯಮ್ಮನ ಸೂಪ್ ರುಚಿ ಹತ್ತಿಬಿಡ್ತು. ನಾನೂ ಒಂದು ಕಿತ್ತೆ."

"ನೀನು ಲೀಕ್ ಮುಟ್ಟಲ್ಲ. ಹೊಟ್ಟೆ ಉಬ್ಬರಿಸುತ್ತೆ ಅಂತ ಊರಿಗೆಲ್ಲ ಗೊತ್ತು."

ಕತ್‌ಬರ್ಟ್ ಗ್ಲಾಸಿನ ನೊರೆ ನೋಡಿದ. "ನಿನ್ನವೇ ದಪ್ಪ ಇದ್ವು ಕಣೋ. ನೀನಿಲ್ದಾಗ ಬೇಲಿ ಹಾರಿ ಅಳೆದಿದ್ದೆ. ಸೂಪಿನ ದಯೆಯಿಂದ ಬಂದ ಕಪ್ಪನ್ನ ದಿನಾ ನೋಡ್ಕೊಂಡು ಕೂರ್ಲಾ?"

ವಿಲ್ಫ್ ಪಕ್ಕದಲ್ಲಿ ಕೂತ. ಅವನಿಗೂ ಬಿಯರ್ ಬಂತು. ಅಷ್ಟರಲ್ಲಿ ಲೊರೆಟ್ಟಾ ವೇದಿಕೆಯಿಂದ ಊರಿಗೆ ಊರನ್ನೇ ಓಹಾಯೋಗೆ ಕರೆಯುತ್ತಿದ್ದರು. ಮುಂದಿನ ಶರತ್ಕಾಲದಲ್ಲಿ ಎಲ್ಲರೂ ತಮ್ಮ ಮನೆಗೇ ಬರಬೇಕು, ಸಂಕೋಚ ಬೇಡ, ಬೇಕಾದ್ದನ್ನು ಕೇಳದೆಯೇ ತೆಗೆದುಕೊಳ್ಳಬಹುದು ಎಂದರು.

"ಆಯಮ್ಮ ಹಿತ್ತಲಲ್ಲಿ ಏನು ಬೆಳೀತಾರೆ?" ಎಂದು ಕೇಳಿದ ಕತ್‌ಬರ್ಟ್.

"ಕುಂಬಳಕಾಯಿ. ಸ್ಪರ್ಧೆಗಂತೆ."

ಕತ್‌ಬರ್ಟ್ ಗ್ಲಾಸು ಕೆಳಗಿಟ್ಟ. "ಓಹಾಯೋಗೆ ಹೋಗೋರ ಪಟ್ಟೀಲಿ ನನ್ನ ಹೆಸರೂ ಬರ್ಕೋ."