ಕಪ್ಪೆದೆಯ ಸಿಳ್ಳಾರ

"ಎದೆ ಮೇಲೆ ಸ್ವಲ್ಪ ಧೂಳಿದೆ ಮೇಡಂ. ಒರೆಸಿಬಿಟ್ರೆ ಫೋಟೋ ಚೆನ್ನಾಗಿ ಬರುತ್ತೆ," ಎಂದ ಫೋಟೋಗ್ರಾಫರ್.

ಸಂಗ್ರಹಾಲಯದ ಹಕ್ಕಿಗಳ ವಿಭಾಗ ನೋಡಿಕೊಳ್ಳುತ್ತಿದ್ದ ಅವಳು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಮಗುವಿನ ಮೂಗು ಒರೆಸುವಷ್ಟು ಮೆಲ್ಲಗೆ ಒಣಗಿಸಿಟ್ಟ ಸಿಳ್ಳಾರ ಹಕ್ಕಿಯ ಎದೆಯ ಮೇಲೆ ಆಡಿಸಿದಳು. ಹತ್ತಿ ಮಸಿಯಾಯಿತು. ಒರೆಸಿದಲ್ಲಿ ತಿಳಿಬೂದಿ ಗರಿಗಳು ಕಾಣಿಸಿದವು.

ಅವಳು ಹತ್ತಿಯನ್ನು ಮೇಜಿನ ಮೇಲಿಟ್ಟು ಹಕ್ಕಿಯನ್ನು ತಿರುಗಿಸಿ ನೋಡಿದಳು. ಕೊಕ್ಕು, ರೆಕ್ಕೆ, ಬಾಲ ಎಲ್ಲವೂ ಎಲ್ಲರೂ ಬಲ್ಲ ಬೂದುಸಿಳ್ಳಾರದ್ದೇ. ಇದು ಹೊಸ ಜಾತಿ ಎಂದು ಅವಳು ಪಟ್ಟು ಹಿಡಿದದ್ದು ಈ ಕಪ್ಪು ಎದೆಯೊಂದನ್ನೇ ನಂಬಿ. ಅದಕ್ಕೆ ಅಣ್ಣನ ಹೆಸರಿಟ್ಟಿದ್ದಳು. ಮಳೆಕಾಡಿನಿಂದ ಈ ಹಕ್ಕಿಗಳನ್ನು ತಂದವನು ಅವನೇ. ತಂದ ವಾರದಲ್ಲೇ ಜ್ವರ ಹತ್ತಿ ತೀರಿಕೊಂಡಿದ್ದ. ಮಧ್ಯಾಹ್ನ ಈ ಹೊಸ ಜಾತಿಯ ಬಗೆಗಿನ ಲೇಖನ ಅಚ್ಚಿಗೆ ಹೋಗಬೇಕು. ಮಗನ ಹೆಸರಿನ ಹಕ್ಕಿ ನೋಡಬೇಕೆಂದು ಅಮ್ಮ ಬೆಳಗ್ಗೆಯೇ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

ಇನ್ನೊಂದು ಹಕ್ಕಿಯನ್ನು ಒರೆಸಿದಳು. ಅದೂ ಅಷ್ಟೇ. ಬಿಡದ ಮಳೆಯಲ್ಲಿ ಚರ್ಮ ಕೊಳೆಯದಿರಲೆಂದು ಅಣ್ಣ ಇವನ್ನೆಲ್ಲ ಹಸಿ ಸೌದೆಯ ಒಲೆಯ ಮೇಲೆ ತೂಗುಹಾಕಿ ಒಣಗಿಸಿದ್ದ. ಅದನ್ನು ಅವನೇ ನಗುತ್ತ ಹೇಳಿಯೂ ಇದ್ದ. ಆಗ ಅವಳ ತಲೆಗೆ ಹೊಳೆದಿರಲಿಲ್ಲ. ಆಮೇಲೆ ಹೊಳೆಯುವುದು ಅವಳಿಗೆ ಬೇಕೂ ಆಗಿರಲಿಲ್ಲವೇನೋ.

ಫೋಟೋಗ್ರಾಫರ್ ಉಳಿದ ಹಕ್ಕಿಗಳತ್ತ ಕೈ ತೋರಿಸಿದ. ಒರೆಸದವು ಇನ್ನೂ ಇವೆಯಲ್ಲ, ಅವುಗಳಲ್ಲೊಂದರ ಫೋಟೋ ತೆಗೆದರಾಯಿತು ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅವನು ಹೇಳಿದ್ದು ಸುಲಭವೂ ಆಗಿತ್ತು. ಹೊಸ ಜಾತಿಯ ಮಾದರಿಯೆಂದು ಹೆಸರು ಹೊತ್ತ ಹಕ್ಕಿ ಒಮ್ಮೆ ಕಪಾಟು ಸೇರಿತೆಂದರೆ ಅದಕ್ಕೆ ಒದ್ದೆ ಹತ್ತಿ ತಾಗಿಸುವ ಧೈರ್ಯ ಯಾರಿಗಿದೆ? ಬೀಗದ ಕೈ ಇರುವುದೂ ಅವಳ ಹತ್ತಿರವೇ. ಅವಳು ಮೂರನೆಯ ಹಕ್ಕಿಯನ್ನು ಎತ್ತಿಕೊಂಡು ದೀಪದ ಕೆಳಗೆ ಇಟ್ಟೂಬಿಟ್ಟಳು.

ಬಾಗಿಲು ಸರಿಯಿತು. "ಆಯ್ತೇನೇ?" ಎಂದು ಅಮ್ಮ ಒಳಗೆ ಬಂದಳು. ಹೊಸ ಚಪ್ಪಲಿ ಹಾಕಿಕೊಂಡಿದ್ದಳು.

ಅವಳು ದೀಪದ ಕೆಳಗಿಟ್ಟಿದ್ದ ಹಕ್ಕಿಯನ್ನು ತೆಗೆದಳು. "ಅಮ್ಮಾ, ಇದು ಹೊಸ ಹಕ್ಕಿ ಅಲ್ಲ. ಈ ಕಪ್ಪು ಬರೀ ಹೊಗೆ. ಅಣ್ಣನ ಒಲೆ ಹೊಗೆ."

ಅಮ್ಮ ಸ್ಟೂಲಿನ ಮೇಲೆ ಕೂತಳು. "ಹಾಗಾದ್ರೆ ಅವನ ಹೆಸರು?"

"ಇಡೋಕಾಗಲ್ಲಮ್ಮ."

ಇನ್ನೂ ನಿಂತರೆ ಮನಸ್ಸು ಬದಲಾದೀತೆಂದು ಹೆದರಿ, ಆಗಲೇ ಪ್ರೆಸ್ಸಿಗೆ ಫೋನ್ ಮಾಡಿ ಲೇಖನ ನಿಲ್ಲಿಸಲು ಹೇಳಿದಳು. ತಿರುಗಿ ನೋಡಿದರೆ ಅಮ್ಮ ಮೇಜಿನ ಮೇಲಿದ್ದ ಮಸಿ ಹತ್ತಿಯನ್ನು ಎತ್ತಿಕೊಂಡಿದ್ದಳು. ಸ್ಪಿರಿಟ್ ಆರಿಹೋಗಿತ್ತು.

"ಉಳಿದವನ್ನ ಒರೆಸಬೇಡ ಕಣೇ," ಎಂದಳು ಅಮ್ಮ. ಆಮೇಲೆ ಹತ್ತಿಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು.