ನೂಬೆಯ ಖಾಲಿ ಪಂಜರ

ಬೆಳಗಿನ ಹೊತ್ತು ಸಮುದ್ರದ ಮಂಜು ಚಿಲಿ ದೇಶದ ಬಂದರು ಊರು ವಾಲ್ಪರೈಸೊದ ನಮ್ಮ ಗುಡ್ಡ ಹತ್ತಿ ಬರುತ್ತದೆ. ಮೊದಲು ಬಂದರಿನ ಕ್ರೇನುಗಳು ಕಾಣದಾಗುತ್ತವೆ. ಆಮೇಲೆ ಕೆಳಗಿನ ಬೀದಿ. ಆಮೇಲೆ ಎದುರುಮನೆಯ ನೀಲಿ ತಗಡಿನ ಗೋಡೆ. ಆಗ ಕಿವಿಗೆ ಮಾತ್ರ ಕೆಲಸ. ಬ್ರೆಡ್ಡು ಮಾರುವವನ ಕೂಗು, ಒಂದು ನಾಯಿ, ಎಲ್ಲೋ ಒಂದು ರೇಡಿಯೊ. ಇವುಗಳ ನಡುವೆ ನಾವೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ನೆರೆಯ ಕ್ಲೋರಿಂದಾ ಅವರ ಅಡುಗೆಮನೆಯಿಂದ ಇನ್ನೊಂದು ಸದ್ದು ಬರುತ್ತಿತ್ತು. ಕರ್ರ್, ಕರ್ರ್. ಅವರ ಸಾಕು ಇಲಿ ನೂಬೆ ಪಂಜರದ ಕಂಬಿ ಕಡಿಯುವ ಸದ್ದು ಅದು.

ನಮ್ಮ ಸ್ಪ್ಯಾನಿಷ್‌ನಲ್ಲಿ ನೂಬೆ ಎಂದರೆ ಮೋಡ. ಬೂದು ಬೆನ್ನು, ಬಿಳಿ ಹೊಟ್ಟೆಯ ಹೆಣ್ಣಿಲಿ. ಭಾನುವಾರದ ಸಂತೆಯಲ್ಲಿ ಒಬ್ಬಾತ ಅದನ್ನು ಹಾವು ಸಾಕುವವರಿಗೆ ಮಾರಲು ಕೂತಿದ್ದ. ಈರುಳ್ಳಿ ತರಲು ಹೋದ ಕ್ಲೋರಿಂದಾ ಇಲಿ ತಂದರು.

"ಅದು ನನ್ನನ್ನೇ ನೋಡ್ತಿತ್ತು ಕಣೋ," ಎಂದರು ಮಗನಿಗೆ.

ಮಗ ಎಲಾದಿಯೊ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. "ಈರುಳ್ಳೀನೂ ನಿನ್ನನ್ನೇ ನೋಡ್ತಿತ್ತಲ್ಲಮ್ಮ, ಅದನ್ನ ಯಾಕೆ ಬಿಟ್ಟು ಬಂದೆ?" ಎಂದ.

ಕ್ಲೋರಿಂದಾ ಇಲಿಯನ್ನು ಬಹಳ ಅಕ್ಕರೆಯಿಂದ ನೋಡಿಕೊಂಡರು. ದಿನವೂ ಪಂಜರವನ್ನು ಬ್ಲೀಚಿಂಗ್ ನೀರಿನಲ್ಲಿ ಉಜ್ಜಿ ತೊಳೆಯುವರು. ಒಂದು ಬಟ್ಟಲು ಕಾಳು, ಒಂದು ಬಾಟಲಿ ನೀರು, ಅಷ್ಟೇ. ಒಂದು ಕಸಕಡ್ಡಿ ಇಲ್ಲ. ಆದರೂ ನೂಬೆ ಮಂಕಾಯಿತು. ಉಂಡು ಉಂಡು ದಪ್ಪಗಾಯಿತು. ಮುಂಗಾಲಿನ ಕೂದಲನ್ನು ತಾನೇ ಕಚ್ಚಿ ಕಚ್ಚಿ ಬೋಳು ಮಾಡಿಕೊಂಡಿತು.

ಒಂದು ದಿನ ಬಟ್ಟಲು ತೆಗೆಯಲು ಕೈ ಹಾಕಿದಾಗ ಕ್ಲೋರಿಂದಾ ಅವರ ಬೆರಳು ಕಚ್ಚಿತು. ರಕ್ತ ಬಂತು.

ಎಲಾದಿಯೊ ಗಾಯವನ್ನು ಸೋಪು ಹಚ್ಚಿ ತೊಳೆದ, ಅಮ್ಮನನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ತೋರಿಸಿದ. ಮನೆಗೆ ಬಂದಮೇಲೆ ಹೇಳಿದ: "ಇನ್ನು ಸಾಕು. ಭಾನುವಾರ ಇದನ್ನ ಕಮರೀಲಿ ಬಿಟ್ಟು ಬರ್ತೀನಿ."

"ಅಲ್ಲಿ ಬೆಕ್ಕುಗಳಿವೆ ಕಣೋ."

"ಇಲೀನೂ ಬೇಕಾದಷ್ಟಿವೆ. ಅವುಗಳ ಜೊತೆ ಬದುಕ್ಕೊಳ್ಳುತ್ತೆ ಬಿಡು."

ಕ್ಲೋರಿಂದಾ ಬ್ಯಾಂಡೇಜು ಕಟ್ಟಿದ ಬೆರಳು ಹಿಡಿದುಕೊಂಡು ಮೆಟ್ಟಿಲಿಳಿದು ನೋಲ್ಫಾಳ ಮನೆಗೆ ಹೋದರು. ನೋಲ್ಫಾ ಉಣ್ಣೆ ಟೋಪಿ ಹೆಣೆದು ಮಾರುವವಳು. ಅವಳ ಮನೆಯಲ್ಲಿ ಸಾಕಿದ ಇಲಿಗಳ ಒಂದು ಸಂಸಾರವೇ ಇತ್ತು. ನಾನೂ ಅಲ್ಲೇ ಉಣ್ಣೆ ಸುತ್ತುತ್ತಾ ಕೂತಿದ್ದೆ, ಮೂವರೂ ಮೇಲೆ ಬಂದೆವು.

ನೋಲ್ಫಾ ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಸುಮ್ಮನೆ ನೋಡಿದಳು.

"ದೋನ್ಯಾ ಕ್ಲೋರಿಂದಾ, ಇವಳು ದಿನಾ ಏನು ಮಾಡ್ತಾಳೆ?"

"ಏನು ಮಾಡ್ತಾಳೆ ಅಂದ್ರೆ? ತಿಂತಾಳೆ, ಮಲಗ್ತಾಳೆ. ಮಹಾರಾಣಿ. ಇನ್ನೇನು ಬೇಕು?"

"ನಿಮ್ಮನ್ನ ಒಂದು ಬರೀ ಕೋಣೇಲಿ ಕೂಡಿಹಾಕಿ, ಹೊತ್ತುಹೊತ್ತಿಗೆ ಸಾರು ಕೊಟ್ರೆ ಇರ್ತೀರಾ?"

"ಯಾವ ಸಾರು ಅನ್ನೋದರ ಮೇಲೆ," ಎಂದರು ಕ್ಲೋರಿಂದಾ. ಆದರೆ ನಗು ಬರಲಿಲ್ಲ.

ನೋಲ್ಫಾ ನಿಧಾನವಾಗಿ ಹೇಳಿದಳು. "ಮೊದಲು ಪಶುವೈದ್ಯರಿಗೆ ತೋರಿಸಿ. ಕಾಲಿನ ಕೂದಲು ಚರ್ಮದ ಹುಳದಿಂದಲೂ ಉದುರಬಹುದು. ಹುಳ ಇಲ್ಲ ಅಂದ್ರೆ ಬೇಜಾರು ಅಂತ ತಿಳ್ಕೊಳ್ಳಿ. ಇಲಿ ಅಂದ್ರೆ ಅಗೀಬೇಕು, ಹತ್ತಬೇಕು, ಕಡೀಬೇಕು, ಗೂಡು ಕಟ್ಟಬೇಕು, ಹುಡುಕಿ ತಿನ್ನಬೇಕು. ಇಲ್ಲಿ ಇವಳಿಗೆ ಕಡಿಯೋಕೆ ಸಿಕ್ಕಿರೋದು ಕಂಬಿ ಒಂದೇ."

"ನಾನು ಎಷ್ಟು ಚೊಕ್ಕಟವಾಗಿ ಇಟ್ಟಿದ್ದೀನಿ ನೋಡು."

"ಚೊಕ್ಕಟ ಬೇಕು. ಆದರೆ ದಿನಾ ಬ್ಲೀಚಿಂಗಲ್ಲಿ ತೊಳೆದ್ರೆ ಅವಳ ಮನೆ ವಾಸನೆಯೇ ಹೋಗುತ್ತೆ. ದಿನಾ ಬೆಳಗ್ಗೆ ಎದ್ದು ಅಪರಿಚಿತರ ಮನೇಲಿ ಇದ್ದಂಗೆ. ಒದ್ದೆಯಾದ ಜಾಗ ದಿನಾ ಒರೆಸಿ. ನೆಲಕ್ಕೆ ಏನಾದ್ರೂ ಹಾಸಿ, ಪೂರ್ತಿ ತೊಳೆದಾಗ ಆ ಹಳೇ ಹಾಸಲ್ಲಿ ಒಂದು ಹಿಡಿ ವಾಪಸ್ ಹಾಕಿ."

ಎಲಾದಿಯೊ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. "ಇಲಿಗೆ ತೊಟ್ಟಿಲು, ಮಂಚ, ಉಪ್ಪರಿಗೆ. ಆಮೇಲೆ ಮದುವೇನೂ ಮಾಡೋಣ," ಎಂದ.

"ಮದುವೆ ಬೇಡ, ಗೆಳತಿ ಬೇಕು," ಎಂದಳು ನೋಲ್ಫಾ. "ಒಂಟಿ ಇಲಿ ಸೊರಗುತ್ತೆ. ಕಮರಿಗೆ ಬಿಡ್ತೀನಿ ಅಂದ್ಯಂತೆ? ಇದು ಮನುಷ್ಯರ ಕೈಯಲ್ಲಿ ಬೆಳೆದದ್ದು. ಕಮರಿ ಇಲಿಗಳು ಇದನ್ನ ಹತ್ರ ಸೇರಿಸಲ್ಲ. ಬೆಕ್ಕಿನ ಬಾಯಿಗೆ ಹಾಕೋದು, ಕಮರಿಗೆ ಬಿಡೋದು ಎರಡೂ ಒಂದೇ."

ಎಲಾದಿಯೊ ಪಂಜರದತ್ತ ನೋಡಿದ. "ಭಾನುವಾರದ ತನಕ ನೋಡೋಣ," ಎಂದ.

ಪಶುವೈದ್ಯರು ಹುಳ ಇಲ್ಲ ಎಂದರು. ಕ್ಲೋರಿಂದಾ ಕೂಡಲೇ ಕೆಲಸಕ್ಕೆ ಕೂತರು. ಮಗನ ಹಳೆ ಪ್ಯಾಂಟು ಕತ್ತರಿಸಿ ಜೋಲಿ ಹೊಲಿದರು. ರಟ್ಟಿನ ಡಬ್ಬಕ್ಕೆ ಬಾಗಿಲು ಕೊರೆದರು. ಗೊಬ್ಬರ, ಔಷಧಿ ಬೆರೆಯದ ಮಣ್ಣನ್ನು ತಟ್ಟೆಯಲ್ಲಿ ತುಂಬಿ ಅದರೊಳಗೆ ಬಟಾಣಿ ಹುಗಿದರು. ಸೇಬಿನ ಮರದ ಕೊಂಬೆ ಸಿಕ್ಕಿಸಿದರು. ಹಾಸಲು ಮರದ ಹೊಟ್ಟು ತಂದಿದ್ದರು. ನೋಲ್ಫಾ ಮೂಸಿ ನೋಡಿ ತೆಗೆಸಿದಳು: "ಪೈನ್ ಮರದ ಘಾಟು ಇಲಿಯ ಎದೆಗೆ ಆಗಲ್ಲ. ಕಾಗದ ಸೀಳಿ ಹಾಕಿ. ಮತ್ತೆ ಎಲ್ಲಾನೂ ಒಟ್ಟಿಗೆ ಇಡಬೇಡಿ. ಒಂದೊಂದಾಗಿ."

ಕ್ಲೋರಿಂದಾ ಅವರಿಗೆ ತಾಳ್ಮೆ ಎಲ್ಲಿಯದು? ನೋಲ್ಫಾ ಅತ್ತ ಹೋದದ್ದೇ ತಡ, ಎಲ್ಲವನ್ನೂ ತುಂಬಿದರು. ನೂಬೆ ಹೆದರಿ ಮೂಲೆ ಸೇರಿತು. ಕಾಳೂ ಮುಟ್ಟಲಿಲ್ಲ.

"ಅರಮನೆ ಕಟ್ಟಿದ್ದಾಯ್ತು, ರಾಣಿ ಮಾತ್ರ ಬರ್ಲಿಲ್ಲ," ಎಂದ ಎಲಾದಿಯೊ. ಅಮ್ಮನ ಕಣ್ಣು ತುಂಬಿದ್ದು ನೋಡಿ ತಾನೇ ಪಂಜರ ತೆರೆದು ಕೊಂಬೆ, ತಟ್ಟೆ, ಜೋಲಿ ಎಲ್ಲ ಹೊರಗಿಟ್ಟ. ರಟ್ಟಿನ ಡಬ್ಬ ಒಂದನ್ನೇ ಬಿಟ್ಟ, ಸ್ವಲ್ಪ ಕಾಗದ ಹಾಕಿದ.

ಭಾನುವಾರ ಮಧ್ಯಾಹ್ನವೂ ಮಂಜು ಕರಗಿರಲಿಲ್ಲ. ಕಿಟಕಿಯಾಚೆ ಊರೇ ಇರಲಿಲ್ಲ, ಬರೀ ಬಿಳಿ. ಎಲಾದಿಯೊ ಕಮರಿಗೆ ಹೊರಡಲು ಚಪ್ಪಲಿ ಮೆಟ್ಟಿಕೊಂಡು ಪಂಜರದ ಮುಂದೆ ನಿಂತ. ಒಳಗೆ ನೂಬೆ ಕಾಗದದ ಒಂದು ಪಟ್ಟಿ ಬಾಯಲ್ಲಿ ಕಚ್ಚಿಕೊಂಡು ಡಬ್ಬದೊಳಗೆ ಹೋಯಿತು. ಹೊರಗೆ ಬಂತು. ಇನ್ನೊಂದು ಪಟ್ಟಿ ಆರಿಸಿ, ಮಡಿಸಿ, ಒಯ್ದಿತು. ಎಲಾದಿಯೊ ಸ್ಟೂಲು ಎಳೆದುಕೊಂಡು ಕೂತ. ಗೂಡು ಮುಗಿಯುವ ತನಕ ಎದ್ದೇಳಲಿಲ್ಲ. ಆಮೇಲೆ ನೂಬೆ ಅದರಲ್ಲಿ ಸುರುಳಿಯಾಗಿ ಮಲಗಿತು. ತುಸು ಹೊತ್ತಿಗೆ ಮೀಸೆ ಅದುರಿತು, ಪುಟ್ಟ ಪಾದಗಳು ಗಾಳಿಯಲ್ಲಿ ಆಡತೊಡಗಿದವು.

"ಅಮ್ಮ, ಬಾ ಇಲ್ಲಿ. ಇದಕ್ಕೆ ಏನೋ ಆಗ್ತಿದೆ."

ಚಹಾಕ್ಕೆಂದು ಬಂದಿದ್ದ ನೋಲ್ಫಾ ಬಗ್ಗಿ ನೋಡಿದಳು. "ಏನಾಗಿಲ್ಲ. ಕನಸು ಕಾಣ್ತಿರಬೇಕು. ಎಚ್ಚರದಲ್ಲಿ ಓಡಾಡಿದ ದಾರಿ ನಿದ್ದೇಲೂ ಇಲಿಯ ತಲೇಲಿ ಸುಳಿಯುತ್ತಂತೆ, ಓದಿದವರು ಹೇಳ್ತಾರೆ."

"ಇಷ್ಟು ದಿನ ಏನು ಕನಸು ಕಂಡಿರುತ್ತೆ ಹಾಗಾದ್ರೆ?" ಎಂದ ಎಲಾದಿಯೊ. ಅವನು ಚಪ್ಪಲಿ ಬಿಚ್ಚಿ ಮೂಲೆಗಿಟ್ಟ.

ಆಮೇಲಿನದು ನಿಧಾನವಾಗಿ ನಡೆಯಿತು. ಮಣ್ಣಿನ ತಟ್ಟೆ ಬಂತು, ಜೋಲಿ ಬಂತು. ಕಾಳನ್ನು ಬಟ್ಟಲಲ್ಲಿ ಸುರಿಯುವ ಬದಲು ಕಾಗದದ ಪೊಟ್ಟಣ ಕಟ್ಟಿ ಅಲ್ಲಲ್ಲಿ ಅಡಗಿಸಿದರು. ಎಲಾದಿಯೊ ಹತ್ತಲು ಹಗ್ಗ ಬೇಕೆಂದು ಬಂದರಿನಿಂದ ಒಂದು ತುಂಡು ತಂದ. ಡೀಸೆಲ್ ವಾಸನೆಯೆಂದು ನೋಲ್ಫಾ ಎಸೆದಳು. ಮರುದಿನ ಕ್ಲೋರಿಂದಾ ಹಿತ್ತಲಿಗೆ ಹೋದರೆ ಒಗೆದ ಬಟ್ಟೆಯೆಲ್ಲ ನೆಲದ ಮೇಲೆ. ಬಟ್ಟೆ ಒಣಹಾಕುವ ಹತ್ತಿ ಹಗ್ಗ ಪಂಜರದಲ್ಲಿ.

"ನಿನ್ನ ಶರ್ಟೇ ಕೆಸರಾಗಿದ್ದು. ನೀನೇ ಒಗ್ಕೋ," ಎಂದರು ಮಗನಿಗೆ.

ನೋಲ್ಫಾ ತನ್ನ ಹಿಂಡಿನಿಂದ ಪೀಪಾ ಎಂಬ ಎಳೆ ಹೆಣ್ಣಿಲಿಯನ್ನು ಕೊಟ್ಟಳು. ನೇರವಾಗಿ ಪಂಜರಕ್ಕೆ ಬಿಡಲಿಲ್ಲ. ಇಬ್ಬರಿಗೂ ಹೊಸದಾದ ಜಾಗವೆಂದು ಸ್ನಾನದ ತೊಟ್ಟಿಯಲ್ಲಿ ಟವೆಲ್ ಹಾಸಿ, ಪಕ್ಕದಲ್ಲೇ ಕೂತು, ದಿನವೂ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟಳು. ಮೊದಮೊದಲು ಕೀಚಾಟ, ತಳ್ಳಾಟ. ನೂಬೆ ಎಳೆಯದನ್ನು ಮಗುಚಿ ಹಾಕಿತು. ಕ್ಲೋರಿಂದಾ ಕಣ್ಣು ಮುಚ್ಚಿಕೊಂಡರು. "ರಕ್ತ ಬರೋ ಹಾಗೆ ಕಚ್ಚಿಲ್ಲ ಅಂದ್ರೆ ಬಿಡಿ. ಮನೆಗೆ ದೊಡ್ಡವಳು ಯಾರು ಅಂತ ಮಾತಾಡ್ಕೋತಿದ್ದಾರೆ," ಎಂದಳು ನೋಲ್ಫಾ. ಕೊನೆಗೊಂದು ಸಂಜೆ ನೂಬೆ ಪೀಪಾಳ ಕಿವಿ ನೆಕ್ಕಿತು.

ಈಗ ಆ ಮನೆಗೆ ಹೋದರೆ ಜೋಲಿಯಲ್ಲಿ ಎರಡು ಬಾಲ ನೇತಾಡುತ್ತಿರುತ್ತವೆ, ಯಾವುದು ಯಾರದೆಂದು ತಿಳಿಯುವುದಿಲ್ಲ. ನೂಬೆಯ ಮುಂಗಾಲಿನಲ್ಲಿ ಹೊಸ ಕೂದಲು ಬಂದಿದೆ. ಮುಸ್ಸಂಜೆ ಬಂದರಿನ ದೀಪ ಹತ್ತುವಾಗ ನೂಬೆ ಎದ್ದು ಮೈಮುರಿದು, ಮಣ್ಣು ಕೆದರಿ ಬಟಾಣಿ ಹುಡುಕುತ್ತದೆ. ಕೆಲಸದಿಂದ ಬಂದ ಎಲಾದಿಯೊ ಅಲ್ಲೇ ಬ್ರೆಡ್ಡು, ಚಹಾ ಇಟ್ಟುಕೊಂಡು ಕೂರುತ್ತಾನೆ. ಕೆಲವು ದಿನ ಇಲಿಗಳು ಅವನ ತೋಳಿನ ಮೇಲೆ ಹತ್ತಿ ಹೆಗಲಿನವರೆಗೆ ಹೋಗಿ ಬರುತ್ತವೆ. ಅವನು ಅಲುಗಾಡುವುದಿಲ್ಲ.

ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಲಿ ಸಾಕಿದ್ದೀರಾ? ಅದು ಕಂಬಿ ಕಡಿಯುತ್ತಿದ್ದರೆ, ಕಚ್ಚಿದರೆ, ಕೆಟ್ಟ ಇಲಿ ಎನ್ನಬೇಡಿ. ಪಶುವೈದ್ಯರಿಗೆ ತೋರಿಸಿ. ಅದೇ ಜಾತಿಯ, ಅದೇ ಲಿಂಗದ ಜೊತೆ ಕೊಡಿ. ಅಗೆಯಲು, ಹತ್ತಲು, ಅಡಗಲು, ಹುಡುಕಲು ಏನಾದರೂ ಕೊಡಿ. ಇದಕ್ಕೆ ಅಂಗಡಿಗೆ ಹೋಗಬೇಕಿಲ್ಲ. ಇವತ್ತು ಒಂದು ರಟ್ಟಿನ ಡಬ್ಬಕ್ಕೆ ಬಾಗಿಲು ಕೊರೆದು ಒಳಗಿಡಿ. ಇಟ್ಟು, ಕೈ ಹಿಂದೆ ತೆಗೆದುಕೊಂಡು, ಅದರ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂತು ನೋಡಿ.