ಎರಡೂವರೆ ಅಡಿ

ಹಣವನ್ನು ನಾನು ಹಣದಲ್ಲಿ ಎಣಿಸುವುದಿಲ್ಲ, ದಿನದಲ್ಲಿ ಎಣಿಸುತ್ತೇನೆ. ತಿಂಗಳ ಮೊದಲ ಹನ್ನೆರಡು ದಿನ ನಾನು ಗರಗಸ ಎಳೆಯುವುದು ಮನೆ ಮಾಲೀಕನಿಗೆ. ಹದಿಮೂರರಿಂದ ಹೆಂಡತಿ, ಮಗಳಿಗೆ. "ಹನ್ನೆರಡರವರೆಗೆ ಅವನ ಆಳು, ಆಮೇಲೆ ನನ್ನ ಆಳು" ಎಂದು ಹೆಂಡತಿ ನಗುತ್ತಿದ್ದಳು.

ಮಾಲೀಕ ಬಂದು ಬಾಡಿಗೆ ಏರಿಸಿದ ದಿನ ಮಾತ್ರ ನಗಲಿಲ್ಲ. ಅವನ ಸೊಂಟದಲ್ಲಿ ಯಾವಾಗಲೂ ಬೀಗದ ಕೈಗಳ ಗೊಂಚಲು ನೇತಾಡುತ್ತದೆ. ಅದಕ್ಕೇ ನಾವು ಅವನನ್ನು ಗೊಂಚಲು ಎಂದೇ ಕರೆಯುವುದು. ಬಾಗಿಲಲ್ಲೇ ನಿಂತು ಹೊಸ ಬಾಡಿಗೆ ಹೇಳಿದ. ನನ್ನ ಲೆಕ್ಕದಲ್ಲಿ ಹದಿನೇಳು ದಿನ.

"ಅಷ್ಟು ಕೊಟ್ರೆ ನಾವು ಗೋಡೆ ನೆಕ್ಕಬೇಕಾಗುತ್ತೆ," ಎಂದೆ.

"ನೆಕ್ಕು, ಆದರೆ ಮೊಳೆ ಹೊಡೀಬೇಡ," ಎಂದು ಹೋದ.

ಅದು ಅವನ ಹಳೆಯ ಕಟ್ಟುನಿಟ್ಟು. ಗೋಡೆಗೆ ಮೊಳೆ ಹೊಡೆಯಬಾರದು. ನಾನು ಬಡಗಿ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ ತಲೆ ನರೆತವನು. ಆದರೂ ನಾಲ್ಕು ವರ್ಷದಿಂದ ನನ್ನ ಅಂಗಿ ಕಿಟಕಿಯ ಸರಳಿಗೆ ನೇತಾಡುತ್ತಿದೆ. ಬಡಗಿಯ ಮನೆಯಲ್ಲಿ ಒಂದು ಮೊಳೆ ಇಲ್ಲ ಎಂದು ಯಾರಿಗಾದರೂ ಹೇಳಿದರೆ ಉಗಿಯುತ್ತಾರೆ.

ಬೇರೆ ಮನೆ ನೋಡಬಹುದಿತ್ತು. ಆದರೆ ಹೆಂಡತಿ ಕೆಲಸ ಮಾಡುವ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ ಇದೇ ಬೀದಿಯ ತುದಿಯಲ್ಲಿದೆ. ಬೆಳಿಗ್ಗೆ ಐದಕ್ಕೆ ಅಲ್ಲಿರಬೇಕು, ಆ ಹೊತ್ತಿಗೆ ಬಸ್ಸಿಲ್ಲ. ದೂರ ಹೋದರೆ ಅವಳ ಕೆಲಸ ಹೋಗುತ್ತದೆ. ಮಗಳಿಗೆ ಇದು ಶಾಲೆಯ ಕೊನೆಯ ವರ್ಷ. ಅಗ್ಗದ ಮನೆಗೆ ಹೋದರೆ ಇನ್ನೂ ಬಡವರಾಗುತ್ತೇವೆ. ಇದು ಯಾವ ಸೀಮೆ ಲೆಕ್ಕವೋ ನನಗೆ ತಿಳಿಯಲಿಲ್ಲ.

ದಾರಿ ಹುಡುಕಿದ್ದು ಹೆಂಡತಿಯೇ. ಅವಳ ಜೊತೆ ಇಸ್ತ್ರಿ ಹಾಕುವ ಒಬ್ಬ ಅಕ್ಕ ಇದ್ದಾಳೆ, ಒಂಟಿ ಜೀವ.

"ಅವಳಿಗೆ ಮಲಗೋಕೆ ಜಾಗ ಬೇಕಂತೆ. ನಮ್ಮ ಕೋಣೆಗೆ ನೀವೇ ಒಂದು ಅಡ್ಡಗೋಡೆ ನಿಲ್ಲಿಸಿ. ಐದು ದಿನದಷ್ಟು ಅವಳು ಕೊಡ್ತಾಳೆ. ಊರಿಗೆಲ್ಲಾ ಗೋಡೆ ನಿಲ್ಲಿಸ್ತೀರಿ, ಮನೆಗೊಂದು ಆಗಲ್ವಾ?"

ಮಾತು ನಿಜ. ನನ್ನ ದುಡಿಮೆಯೇ ಅದು. ಒಂದು ಕೋಣೆಯನ್ನು ಎರಡು ಮಾಡುವುದು, ಎರಡನ್ನು ಮೂರು ಮಾಡುವುದು. ಮೇಸ್ತ್ರಿ ವ್ಯಾನಿನಲ್ಲಿ ತುಂಬಿಕೊಂಡು ಹೋಗಿ ಇಳಿಸುತ್ತಾನೆ, ಎರಡು ದಿನದಲ್ಲಿ ಗೋಡೆ ಎದ್ದು ನಿಲ್ಲುತ್ತದೆ. ನನ್ನ ಗೋಡೆಗೆ ಹೆಸರಿದೆ. ಎರಡು ಪ್ಲೈವುಡ್ ಹಲಗೆಗಳ ನಡುವೆ ನಾನು ಮರದ ಹೊಟ್ಟು, ಗೋಣಿಯ ಚೂರು, ಹುಳ ಹಿಡಿಯದಂತೆ ಸ್ವಲ್ಪ ಸುಣ್ಣದ ಪುಡಿ ಕಲಸಿ ಗಟ್ಟಿಯಾಗಿ ತುರುಕುತ್ತೇನೆ. ಮೇಲೆ ಬಣ್ಣ ಬಿದ್ದರೆ ಮುಗಿಯಿತು. ಬಡಿದು ನೋಡಿದರೂ ಇಟ್ಟಿಗೆಯ ಸದ್ದೇ. ಹೀಗೆ ತುಂಬುವವನು ಈ ಊರಿನಲ್ಲಿ ಇನ್ನೊಬ್ಬನಿಲ್ಲ.

ಭಾನುವಾರ ಮಧ್ಯಾಹ್ನ ಟೇಪು ಹಿಡಿದೆ. ಹೊರಗಿನ ಮೊಗಸಾಲೆಯಿಂದ ನಮ್ಮ ಕೋಣೆಯ ಗೋಡೆ ಅಳೆದೆ. ಹನ್ನೆರಡೂವರೆ ಅಡಿ. ಒಳಗೆ ಬಂದು ಅಳೆದೆ. ಹತ್ತು.

ಮತ್ತೆ ಅಳೆದೆ. ಹತ್ತು.

"ಈ ಟೇಪನ್ನು ಯಾರು ಮುಟ್ಟಿದ್ದು?" ಎಂದು ಮಗಳ ಮೇಲೆ ಹಾರಾಡಿದೆ.

"ಅಪ್ಪಾ, ಟೇಪು ಹೊರಗೆ ಸರಿ ಇದ್ದು ಒಳಗೆ ಬಂದ ತಕ್ಷಣ ಕೆಡುತ್ತಾ?" ಎಂದಳು. ತಾಯಿಯ ನಾಲಿಗೆ.

ಅವಳು ತನ್ನ ಸ್ಕೇಲು ತಂದು ನೆಲದ ಮೇಲೆ ಒಂದೊಂದೇ ಅಡಿ ಎಣಿಸಿದಳು. ಹತ್ತೇ ಬಂತು. ಎರಡೂವರೆ ಅಡಿ ಎಲ್ಲಿ ಹೋಯಿತು? ನಾಲ್ಕು ವರ್ಷ ಮಲಗಿ ಎದ್ದ ಕೋಣೆ ನನಗೇ ಗುರುತು ಸಿಗದಂತೆ ಕಂಡಿತು. ಕೊನೆಯ ಗೋಡೆಯನ್ನು ಮೇಲೆ, ಕೆಳಗೆ, ಮೂಲೆಯಲ್ಲಿ ಬಡಿದು ನೋಡಿದೆ. ಎಲ್ಲೆಲ್ಲೂ ಗಟ್ಟಿ. ಇದು ಇಟ್ಟಿಗೆಯೇ, ನನ್ನ ಕಿವಿ ಸುಳ್ಳು ಹೇಳುವುದಿಲ್ಲ ಎಂದೆ. ಹಾಗಾದರೆ ಎರಡೂವರೆ ಅಡಿ ದಪ್ಪದ ಗೋಡೆ ಯಾವ ಕೋಟೆಗೆ?

ತಲೆ ಕೆಟ್ಟಿತು. ಗೊಂಚಲಿನ ಕಟ್ಟುನಿಟ್ಟಿಗೆ ಬೆಂಕಿ ಬೀಳಲಿ ಎಂದು ಐದಂಗುಲದ ಮೊಳೆ ತೆಗೆದು ಸುತ್ತಿಗೆ ಎತ್ತಿದೆ. ಇಟ್ಟಿಗೆಯಾದರೆ ಮೊಳೆ ಬಾಗಬೇಕು. ಮೂರೇ ಏಟಿಗೆ ತಲೆಯವರೆಗೂ ಹೋಯಿತು.

"ಅಯ್ಯಯ್ಯೋ!" ಎಂದಿತು ಗೋಡೆ.

ಹೆಂಡತಿ ಮಗಳನ್ನು ಅಪ್ಪಿಕೊಂಡಳು. ನಾನು ಮೊಳೆ ಕಿತ್ತೆ. ತೂತಿನಿಂದ ಪುಡಿ ಸುರಿಯಿತು. ಬೊಗಸೆ ಒಡ್ಡಿದೆ. ಮರದ ಹೊಟ್ಟು, ಗೋಣಿಯ ನಾರು, ಸುಣ್ಣ. ಮೂಸಿ ನೋಡಬೇಕಾಗಿರಲಿಲ್ಲ, ಆದರೂ ಮೂಸಿದೆ.

"ಯಾರ್ರೀ ಅದು? ಕಿವಿ ಪಕ್ಕದಲ್ಲೇ ಬಂತಲ್ರೀ ಮೊಳೆ!" ತೂತಿನಾಚೆಯಿಂದ ಗಂಡಸಿನ ದನಿ. "ಆ ಕಡೆ ಜನ ಇದ್ದೀರಾ?"

"ನಾಲ್ಕು ವರ್ಷದಿಂದ ಇದ್ದೀವಿ. ನೀವ್ಯಾರು?"

"ನಾನೂ ಮೂರು ವರ್ಷದಿಂದ ಇದ್ದೀನಿ. ಬಸ್ ಕಂಡಕ್ಟರ್. ಒಂದು ದಿನ ಒಂದು ಸದ್ದು ಕೇಳಿಲ್ಲ, ಆ ಕಡೆ ಖಾಲಿ ಅಂದ್ಕೊಂಡಿದ್ದೆ."

ಸದ್ದು ಹೇಗೆ ಕೇಳೀತು? ನಾನು ತುರುಕಿದ ಗೋಡೆ. ಆಗ ನೆನಪಾಯಿತು. ಐದು ವರ್ಷದ ಹಿಂದೆ ಮೇಸ್ತ್ರಿ ನನ್ನನ್ನು ಯಾವುದೋ ಹಿಂದಿನ ಮೆಟ್ಟಿಲಿನಿಂದ ಹತ್ತಿಸಿದ್ದ. ಬಾಗಿಲಿಲ್ಲ, ಬಣ್ಣವಿಲ್ಲ, ಬೋಳು ಕೋಣೆ. ಪೊರಕೆ, ಬಕೆಟ್ಟು ಇಡುವುದಕ್ಕೆ ಒಂದು ಸಂದು ಬೇಕಂತೆ, ಎಷ್ಟು ಬಿಡೋಣ ಎಂದಿದ್ದ. ನಾನು ಗೋಡೆ ನೆನಪಿಡುವವನು, ಮನೆ ನೆನಪಿಡುವವನಲ್ಲ. ಒಂದು ವರ್ಷದ ಮೇಲೆ ಮುಂದಿನ ಮೆಟ್ಟಿಲಿನಿಂದ ಅದೇ ಕೋಣೆಗೆ ಸಂಸಾರ ಸಮೇತ ಬಂದು ಸೇರಿದ್ದೆ.

"ಈ ಕಡೆ ಬಣ್ಣ ಹೊಡೆದಿಲ್ಲ," ಕಂಡಕ್ಟರ್ ಹೇಳಿದ. "ಹಲಗೆ ಮೇಲೆ ಪೆನ್ಸಿಲ್‌ನಲ್ಲಿ ಯಾರೋ ಬರೆದಿದ್ದಾರೆ. 'ಎರಡೂವರೆ ಸಾಕು' ಅಂತ. ದಿನಾ ಮಲಗುವಾಗ ಓದ್ತೀನಿ. ಯಾರೋ ಸಾಧು ಇದ್ದ ಜಾಗ ಇರಬೇಕು."

ಆ ಸಾಧು ನಾನೇ ಎಂದು ಹೇಳಲಾಗಲಿಲ್ಲ.

"ಬಾಡಿಗೆ ಎಷ್ಟು ಕೊಡ್ತೀರಿ?" ಎಂದೆ.

ಅವನು ಹೇಳಿದ. ನನ್ನ ಲೆಕ್ಕದಲ್ಲಿ ಏಳು ದಿನ. ಮುಂದಿನ ತಿಂಗಳಿಂದ ಒಂಬತ್ತಂತೆ.

ಸಿಟ್ಟು ನೆತ್ತಿಗೇರಿತು. ಟೇಪನ್ನೂ ಆ ಪುಡಿಯನ್ನೂ ಹಿಡಿದು ಕೆಳಗಿಳಿದೆ. ಗೊಂಚಲು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ. ಮೇಜಿನ ಮೇಲೆ ಹೊಟ್ಟು ಸುರಿದೆ.

"ಹನ್ನೆರಡೂವರೆ ಅಂತ ಬಾಡಿಗೆ ತಗೊಂಡು ಹತ್ತು ಕೊಟ್ಟಿದ್ದೀಯಲ್ಲ, ನಿನಗೆ ನಾಚಿಕೆ ಇಲ್ವಾ? ಮೊಳೆ ಹೊಡೀಬೇಡ ಅಂದಿದ್ದು ಇದಕ್ಕಾ? ಪೊರಕೆ ಇಡೋ ಸಂದಲ್ಲಿ ಮನುಷ್ಯನನ್ನ ಇಟ್ಟಿದ್ದೀಯಾ? ಪೊರಕೆಗೆ ಅಂತಲೇ ಆ ಗೋಡೆ ನಿಲ್ಲಿಸಿದ್ದು ನಾನು!"

ಗೊಂಚಲು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಅವನು ಎದ್ದು ನನ್ನ ಕೈ ಹಿಡಿದುಕೊಂಡ.

"ನೀನಾ! ಐದು ವರ್ಷದಿಂದ ಆ ಮೇಸ್ತ್ರಿನ ಕೇಳ್ತಿದ್ದೀನಿ ಕಣಯ್ಯ, ಆ ಗೋಡೆ ಮಾಡಿದವನು ಯಾರು ಅಂತ. ಬಾಯಿ ಬಿಡ್ಲಿಲ್ಲ. ಎಂಥಾ ಕೆಲಸ! ನಿನಗೇ ಗೊತ್ತಾಗಲಿಲ್ಲ ನೋಡು!"

ಬೈಯಲು ಹೋದವನನ್ನು ಹೊಗಳಿದರೆ ಏನು ಮಾಡಬೇಕು? ನನಗೆ ಯಾರೂ ಕಲಿಸಿಲ್ಲ. ಸಿಟ್ಟು ಇನ್ನೂ ಇತ್ತು, ಇಡುವುದಕ್ಕೆ ಜಾಗ ಇರಲಿಲ್ಲ.

"ಅಳತೆ ಗಿಳತೆ ಬಿಡು," ಎಂದ. "ಗೋಡೆ ಒಡೀಬೇಕು ಅಂದ್ರೆ ಒಡಿ. ಕಂಡಕ್ಟರ್ ಬೀದಿಗೆ ಹೋಗ್ತಾನೆ, ನೀನು ಇಪ್ಪತ್ತಾರು ದಿನದ ಬಾಡಿಗೆ ಕೊಡು. ಇಲ್ಲಾಂದ್ರೆ ಮೇಲಿನ ಮಹಡಿ ಕೋಣೆ ಖಾಲಿ ಇದೆ, ಅಲ್ಲೂ ಇಂಥದ್ದೇ ಒಂದು ನಿಲ್ಲಿಸಿ ಕೊಡು. ನಿನ್ನ ಬಾಡಿಗೆ ಹನ್ನೆರಡೇ ಇರ್ಲಿ, ಮಗಳ ಶಾಲೆ ಮುಗಿಯೋವರೆಗೂ."

ನನ್ನ ದಿನದ ಲೆಕ್ಕ ಅವನಿಗೂ ಗೊತ್ತಿತ್ತು. ಹೆಂಡತಿ ಬೀದಿಯಲ್ಲೆಲ್ಲ ಹೇಳಿಕೊಂಡಿರಬೇಕು.

ಮೇಲೆ ಬಂದು ಹೆಂಡತಿಗೆ ಹೇಳಿದೆ. ಅವಳು ತೂತಿನ ಕಡೆ ನೋಡಿ ದನಿ ತಗ್ಗಿಸಿದಳು. "ಮಾಡಬೇಡಿ ಅನ್ನೋಕೆ ನನಗೆ ಬಾಯಿಲ್ಲ. ಮಾಡಿ ಅನ್ನೋಕೂ ಬಾಯಿಲ್ಲ."

ಮಾಡಿದೆ. ಎರಡು ಸಂಜೆ ಹಿಡಿಯಿತು. ಹೊಟ್ಟಿನ ಮೂಟೆಯನ್ನು ಮೂರನೆಯ ಮಹಡಿಗೆ ಹೊತ್ತು ತಂದಿದ್ದೆ. ಆದರೆ ಹಲಗೆಗಳ ನಡುವೆ ತುರುಕಲು ಕೈ ಬರಲಿಲ್ಲ. ಮೂಟೆಯನ್ನು ಹಾಗೆಯೇ ಕೆಳಗಿಳಿಸಿ ಗೋಡೆಯನ್ನು ಟೊಳ್ಳಾಗಿಯೇ ಮುಚ್ಚಿದೆ. ನಾಳೆ ಬರುವವನು ಬೆರಳಲ್ಲಿ ಬಡಿದರೂ ಸಾಕು, ತಿಳಿಯುತ್ತದೆ. ತಿಳಿದು ಅವನೇನು ಮಾಡಿಯಾನು ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ. ಹಲಗೆಯ ಮೇಲೆ ಅಳತೆ ಬರೆಯಲು ಪೆನ್ಸಿಲ್ ತೆಗೆದೆ, ನಿಂತೆ, ಮತ್ತೆ ಕಿವಿಗೆ ಸಿಕ್ಕಿಸಿಕೊಂಡೆ.

ಗೊಂಚಲು ಬಂದು ಬಡಿದು ನೋಡಿದ. ಡಬ್ ಡಬ್ ಎಂದಿತು.

"ಇದೇನಯ್ಯಾ, ಡೋಲು ಮಾಡಿಟ್ಟಿದ್ದೀಯಾ?"

"ಹೊಟ್ಟು ಮುಗಿದುಹೋಯ್ತು," ಎಂದೆ.

ಅವನು ಇನ್ನೊಮ್ಮೆ ಬಡಿದ. ನನ್ನ ಮುಖ ನೋಡಿದ. "ಇರ್ಲಿ ಬಿಡು. ಮನೆ ಬೇಕಾದವನು ಗೋಡೆ ಬಡಿದು ನೋಡಲ್ಲ," ಎಂದು ಬೀಗದ ಕೈಗಳ ಗೊಂಚಲು ಅಲ್ಲಾಡಿಸುತ್ತಾ ಇಳಿದು ಹೋದ.

ಮನೆಗೆ ಬಂದರೆ ಹೆಂಡತಿ ಕಣ್ಣಲ್ಲೇ ಕೇಳಿದಳು. "ಹನ್ನೆರಡೇ," ಎಂದೆ. ಅವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಮಗಳು ಪುಸ್ತಕದಿಂದ ತಲೆ ಎತ್ತಲಿಲ್ಲ.

ತೂತಿನಿಂದ ಕಂಡಕ್ಟರ್ ಕೇಳಿದ. "ಅಣ್ಣಾ, ಮೇಲೆ ಸುತ್ತಿಗೆ ಸದ್ದು ನಿಮ್ಮದೇ ತಾನೆ? ಅಲ್ಲೂ ಗೋಡೆ ನಿಲ್ಲಿಸಿದ್ರಂತೆ, ಸಂದು ಎಷ್ಟು ಬಿಟ್ರಿ?"

"ಎರಡೂವರೆ."

ಹಲಗೆಯ ಮೇಲೆ ಬೆರಳು ಆಡಿಸಿದ ಸದ್ದು ಕೇಳಿತು, ಅಕ್ಷರ ಬರೆದ ಜಾಗದಲ್ಲೇ ಇರಬೇಕು.

"ಸಾಕು ಬಿಡಿ," ಎಂದ.

ಬೈದನೋ, ಸಮಾಧಾನ ಮಾಡಿದನೋ. ಮುಖ ನೋಡಿದರೆ ತಿಳಿಯುತ್ತಿತ್ತೇನೋ. ತೂತಿಗೆ ಕಣ್ಣಿಟ್ಟೆ, ಮೊಳೆಯ ತೂತಿನಲ್ಲಿ ಮುಖ ಹಿಡಿಯುವುದಿಲ್ಲ.